ಅಂಬಾಸಿಡರಿಗೆ ಫ್ಯಾನ್ ಬೆಲ್ಟ್: ಅಂಗಡಿಯಲ್ಲಿ ಕಾರಿನ ಹೆಸರು ಹೇಳಬೇಡಿ

ಪ್ರಶ್ನೆ: ತಂದೆಯ ಕಾಲದ 1977ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್ ಗಾಡಿ ಸಾಗರದ ನಮ್ಮ ಮನೆಯಲ್ಲಿದೆ. ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೊ ಕೈಕೊಟ್ಟ ಮೇಲೆ ಅದರ ಜಾಗಕ್ಕೆ ಬೇರೆ ಕಾರಿನ ಆಲ್ಟರ್ನೇಟರ್ ಹಾಕಿಸಿದೆವು. ಆಮೇಲೆ ಒಂದೇ ವರ್ಷದಲ್ಲಿ ಮೂರು ಫ್ಯಾನ್ ಬೆಲ್ಟ್ ಹೋಗಿವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀರಲು ಶಬ್ದ ಬರುತ್ತದೆ, ರಾತ್ರಿ ಹೆಡ್‌ಲೈಟ್ ಹಾಕಿದರೆ ಮತ್ತೆ ಶುರುವಾಗುತ್ತದೆ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಬರುವಾಗ ನೀರು ಕುದಿಯುತ್ತದೆ. ಪ್ರತಿ ಸಲವೂ ಅಂಗಡಿಯಲ್ಲಿ ‘ಅಂಬಾಸಿಡರ್ ಫ್ಯಾನ್ ಬೆಲ್ಟ್’ ಎಂದೇ ಕೇಳಿ ತಂದಿದ್ದೇವೆ. ಯಾವ ಬೆಲ್ಟ್ ತರಬೇಕು, ಹೇಗೆ ಹಾಕಬೇಕು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಮಾತಿನಲ್ಲೇ ತೊಂದರೆಯ ಬುಡ ಇದೆ. ‘ಅಂಬಾಸಿಡರ್ ಫ್ಯಾನ್ ಬೆಲ್ಟ್’ ಎಂಬ ಒಂದೇ ವಸ್ತು ಇಲ್ಲ. ಈ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅಷ್ಟರಲ್ಲಿ ಬ್ರಿಟನ್ನಿನ ಬಿಎಂಸಿ ಕಂಪನಿಯ 1489 ಸಿಸಿ ಬಿ-ಸೀರೀಸ್ ಪೆಟ್ರೋಲ್ ಎಂಜಿನ್, ಡೀಸೆಲ್, ಇಸುಜು ಎಂದು ಎಂಜಿನ್‌ಗಳೇ ಬದಲಾದವು. ಡೈನಮೊ ಹೋಗಿ ಆಲ್ಟರ್ನೇಟರ್ ಬಂತು. ಅಂಗಡಿಯವರು ಇವುಗಳಲ್ಲಿ ಯಾವುದೋ ಒಂದರ ಬೆಲ್ಟನ್ನು ಕೊಟ್ಟಿರುತ್ತಾರೆ. ಅವರು ಮೋಸ ಮಾಡಿದರು ಎನ್ನುವಂತಿಲ್ಲ. ಅದರ ಮೇಲೆ ನಿಮ್ಮ ಎಂಜಿನ್ನಿಗೆ ಈಗ ಬೇರೆ ಕಾರಿನ ಆಲ್ಟರ್ನೇಟರ್ ಬಂದು ಕೂತಿದೆ. ಹಾಗಾಗಿ ಕಂಪನಿಯ ಪಾರ್ಟ್ ನಂಬರ್ ಸಿಕ್ಕಿದರೂ ಅದು ಇವತ್ತಿನ ನಿಮ್ಮ ಕಾರಿಗೆ ಸರಿಹೊಂದುವ ಖಾತ್ರಿ ಇಲ್ಲ. ಬೆಲ್ಟನ್ನು ಆರಿಸಬೇಕಾದದ್ದು ಪುಲ್ಲಿಯ ಗ್ರೂವ್, ಅಂದರೆ ಬೆಲ್ಟ್ ಕೂರುವ ತೋಡು, ಅಳೆದು.

ನಿಮ್ಮ ಎಂಜಿನ್‌ನಲ್ಲಿ ಒಂದೇ ವಿ-ಬೆಲ್ಟ್ (ಮೇಲೆ ಅಗಲ, ತಳ ಕಿರಿದಾದ ಬೆಲ್ಟ್) ಮೂರು ಪುಲ್ಲಿಗಳನ್ನು ಸುತ್ತುತ್ತದೆ: ಕೆಳಗೆ ಎಂಜಿನ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿ, ಮೇಲೆ ವಾಟರ್ ಪಂಪಿನ ಪುಲ್ಲಿ, ಪಕ್ಕದಲ್ಲಿ ಡೈನಮೊ ಅಥವಾ ಆಲ್ಟರ್ನೇಟರ್ ಪುಲ್ಲಿ. ಫ್ಯಾನು ಕೂತಿರುವುದು ವಾಟರ್ ಪಂಪಿನ ಪುಲ್ಲಿಯ ಮೇಲೆಯೇ. ಆದ್ದರಿಂದ ಬೆಲ್ಟ್ ಜಾರಿದರೆ ಚಾರ್ಜ್ ಕಡಿಮೆಯಾಗುತ್ತದೆ, ನೀರಿನ ಓಟ ನಿಧಾನವಾಗುತ್ತದೆ, ಫ್ಯಾನಿನ ಗಾಳಿಯೂ ಇಳಿಯುತ್ತದೆ, ಮೂರೂ ಒಟ್ಟಿಗೆ. ಘಟ್ಟ ಹತ್ತುವಾಗ ಕಾರಿನ ವೇಗ ಕಡಿಮೆ, ಎಂಜಿನ್ ಮೇಲಿನ ಭಾರ ಹೆಚ್ಚು. ಎದುರುಗಾಳಿಯ ಸಹಾಯ ಇಲ್ಲದೆ ರೇಡಿಯೇಟರ್ ಪೂರ್ತಿ ಫ್ಯಾನನ್ನೇ ನಂಬಿಕೊಂಡಿರುತ್ತದೆ. ಊರೊಳಗೆ ಗೊತ್ತಾಗದ ಜಾರಿಕೆ ಗೇರುಸೊಪ್ಪೆಯಲ್ಲಿ ಕುದಿಯಾಗಿ ಕಾಣಿಸುವುದು ಇದಕ್ಕೇ. ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್ ಇವೂ ಕಾರಣವಾಗಬಹುದು. ಆದರೆ ಕೀರಲು ಶಬ್ದ ಜೊತೆಗಿರುವಾಗ ಮೊದಲು ಬೆಲ್ಟನ್ನು ಸರಿಮಾಡಿ, ಆಮೇಲೆ ಉಳಿದದ್ದನ್ನು ನೋಡಿ.

ಬಿಚ್ಚಿದ ಹಳೆಯ ಬೆಲ್ಟುಗಳು ಇನ್ನೂ ಇದ್ದರೆ ಎಸೆಯಬೇಡಿ, ಒಮ್ಮೆ ತಿರುವಿ ನೋಡಿ. ಬೆಲ್ಟ್ ಯಾಕೆ ಸತ್ತಿತು ಎಂಬುದು ಅದರ ಮೈಮೇಲೆಯೇ ಇರುತ್ತದೆ. ಎರಡೂ ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಸಡಿಲವಾಗಿ ಜಾರಿದೆ. ಒಂದೇ ಪಕ್ಕ ಸವೆದು ನೂಲು ಎದ್ದಿದ್ದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಒಳಭಾಗದ ತಳ ಹೊಳೆಯುತ್ತಿದ್ದರೆ ಬೆಲ್ಟ್ ಗ್ರೂವಿನ ತಳಕ್ಕೆ ತಾಗಿ ಓಡಿದೆ, ಅಂದರೆ ಅಗಲದಲ್ಲೋ ಎತ್ತರದಲ್ಲೋ ತಪ್ಪಿದೆ. ಒಳಗಡೆ ಅಡ್ಡಡ್ಡ ಬಿರುಕುಗಳಿದ್ದರೆ ವಯಸ್ಸು ಅಥವಾ ಬಿಸಿ ಕಾರಣ. ಉಬ್ಬಿ ಅಂಟಂಟಾಗಿದ್ದರೆ ಎಂಜಿನ್ ಆಯಿಲ್ ಬಿದ್ದಿದೆ. ಇನ್ನೂ ಹೊಸದಾಗಿ ಕಾಣುವ ಬೆಲ್ಟ್ ಒಂದೇ ಜಾಗದಲ್ಲಿ ಪಟ್ಟನೆ ಹರಿದಿದ್ದರೆ, ಹಾಕುವಾಗ ಯಾರೋ ಸ್ಕ್ರೂಡ್ರೈವರಿನಿಂದ ಎಬ್ಬಿ ಏರಿಸಿ ಒಳಗಿನ ನೂಲು ಕಡಿದಿದ್ದಾರೆ. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಬೆಲ್ಟಿನ ಪಕ್ಕಗಳೂ ತಳವೂ ಎರಡೂ ಹೊಳೆಯುತ್ತಿರುವ ಸಂಭವವೇ ಹೆಚ್ಚು.

ಅಗಲದ ಲೆಕ್ಕ

ವಿ-ಬೆಲ್ಟ್ ಹಿಡಿಯುವುದು ಎರಡು ಪಕ್ಕಗಳಿಂದ, ತಳದಿಂದಲ್ಲ. ಆಪು ಹೊಡೆದಂತೆ ಅದು ಗ್ರೂವಿನೊಳಗೆ ಸಿಕ್ಕಿಕೊಳ್ಳುವುದರಿಂದ ಅದೇ ಎಳೆತದಲ್ಲಿ ಚಪ್ಪಟೆ ಬೆಲ್ಟಿಗಿಂತ ಸುಮಾರು ಮೂರು ಪಟ್ಟು ಹಿಡಿತ ಸಿಗುತ್ತದೆ. ತಳ ತಾಗಿತೋ, ಆ ಮೂರು ಪಟ್ಟೂ ಹೋಯಿತು. ಆಮೇಲೆ ಎಷ್ಟು ಬಿಗಿ ಮಾಡಿದರೂ ಕೀರುವುದು ನಿಲ್ಲುವುದಿಲ್ಲ, ಬೇರಿಂಗ್ ಮಾತ್ರ ಹಾಳಾಗುತ್ತದೆ.

ಕಾರುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಅಗಲ. ಮೇಲ್ಮೈಯಲ್ಲಿ 13 ಮಿಮೀ ಇರುವುದು ಒಂದು, 10 ಮಿಮೀ ಇರುವುದು ಇನ್ನೊಂದು. ಹಳೆಯ ಬ್ರಿಟಿಷ್ ಮೂಲದ ಎಂಜಿನ್‌ಗಳಲ್ಲಿ ಅಗಲದ ಗ್ರೂವ್ ಸಾಮಾನ್ಯ, ಆಮೇಲೆ ಬಂದ ಚಿಕ್ಕ ಕಾರುಗಳ ಆಲ್ಟರ್ನೇಟರ್‌ಗಳಲ್ಲಿ ಕಿರಿದಾದದ್ದು ಹೆಚ್ಚು. ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸಿದ ಗಾಡಿಗಳಲ್ಲಿ ಪದೇ ಪದೇ ಆಗುವ ಎಡವಟ್ಟು ಇದೇ: ಕ್ರ್ಯಾಂಕ್ ಪುಲ್ಲಿಯೂ ಪಂಪ್ ಪುಲ್ಲಿಯೂ 13ರದ್ದು, ಆಲ್ಟರ್ನೇಟರಿನದು ಮಾತ್ರ 10ರದ್ದು. ಆಗ ಯಾವ ಬೆಲ್ಟ್ ತಂದರೂ ಒಂದು ಕಡೆ ತಪ್ಪೇ.

ಎಷ್ಟು ತಪ್ಪು ಎಂದು ಲೆಕ್ಕ ಹಾಕಿ ನೋಡಬಹುದು. ಗ್ರೂವಿನ ಕೋನ ಸುಮಾರು 36 ಡಿಗ್ರಿ ಎಂದಿಟ್ಟುಕೊಂಡರೆ, ಒಂದು ಮಿಲಿಮೀಟರ್ ಕೆಳಗಿಳಿದಂತೆ ಅಗಲ 0.65 ಮಿಮೀ ಕಡಿಮೆಯಾಗುತ್ತದೆ. 13ರ ಗ್ರೂವಿಗೆ 10ರ ಬೆಲ್ಟ್ ಹಾಕಿದರೆ ಅದು ಅಂಚಿನಿಂದ ನಾಲ್ಕೂವರೆ ಮಿಲಿಮೀಟರಿಗಿಂತ ಹೆಚ್ಚು ಕೆಳಗೆ ಕೂರುತ್ತದೆ. ಬೆಲ್ಟಿನ ಎತ್ತರವೇ 8 ಮಿಮೀ ಇರುವಾಗ ಅದರ ತಳ ಅಂಚಿನಿಂದ ಹನ್ನೆರಡೂವರೆ ಮಿಲಿಮೀಟರ್ ಒಳಗೆ ಹೋಗುತ್ತದೆ. ಅಷ್ಟು ಆಳ ಬಹಳ ಪುಲ್ಲಿಗಳಲ್ಲಿ ಇರುವುದಿಲ್ಲ, ಹಾಗಾಗಿ ತಳ ಹಿಡಿಯುತ್ತದೆ. ತದ್ವಿರುದ್ಧವಾಗಿ 10ರ ಗ್ರೂವಿಗೆ 13ರ ಬೆಲ್ಟ್ ಹಾಕಿದರೆ ಅದು ಅಷ್ಟೇ ಮೇಲೆ ಎದ್ದು ನಿಂತು, ಕೆಳಗಿನ ಅರ್ಧ ಪಕ್ಕದಲ್ಲಿ ಮಾತ್ರ ಹಿಡಿಯುತ್ತದೆ. ಆ ಅರ್ಧದ ಮೇಲೆಯೇ ಪೂರ್ತಿ ಭಾರ ಬಿದ್ದು ಬಿಸಿಯಾಗಿ ಕೆಲವೇ ತಿಂಗಳಲ್ಲಿ ಸಾಯುತ್ತದೆ.

ಆಲ್ಟರ್ನೇಟರ್ ಕೇಳುವ ಬಲವೂ ಹೆಚ್ಚು. ಹಳೆಯ ಲೂಕಾಸ್ ಸಿ40 ಜಾತಿಯ ಡೈನಮೊ ಪೂರ್ತಿ ದುಡಿದರೂ 22 ಆಂಪಿಯರ್, ಅಂದರೆ 300 ವ್ಯಾಟ್ ಆಸುಪಾಸು. 36 ಆಂಪಿಯರಿನ ಆಲ್ಟರ್ನೇಟರ್ 14 ವೋಲ್ಟಿನಲ್ಲಿ 500 ವ್ಯಾಟ್ ಕೊಡುತ್ತದೆ. ಒಳಗಿನ ನಷ್ಟ ಸೇರಿಸಿದರೆ ಬೆಲ್ಟಿನಿಂದ ಎಳೆಯುವುದು ಒಂದು ಅಶ್ವಶಕ್ತಿಗೂ ಮೇಲೆ. ಸ್ಟಾರ್ಟರ್ ತಿರುಗಿಸಿ ಬ್ಯಾಟರಿ ಇಳಿದ ಮರುಕ್ಷಣ, ಇಲ್ಲವೇ ಹೆಡ್‌ಲೈಟ್ ಹಾಕಿದಾಗ ಆ ಭಾರ ಒಮ್ಮೆಲೇ ಏರುತ್ತದೆ. ನಿಮ್ಮ ಕಾರು ಸರಿಯಾಗಿ ಆ ಎರಡು ಹೊತ್ತಿನಲ್ಲೇ ಕೀರುತ್ತಿದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ವರ್ನಿಯರ್ ಕ್ಯಾಲಿಪರಿನಿಂದ ಮೂರೂ ಪುಲ್ಲಿಗಳ ಗ್ರೂವಿನ ಬಾಯಿ ಅಳೆಯಿರಿ, ಆಳವನ್ನೂ ಅಳೆಯಿರಿ. ಮೂರರಲ್ಲೂ ಒಂದೇ ಅಗಲ ಬಂದರೆ ಸಮಸ್ಯೆ ಸುಲಭ. ಬರದಿದ್ದರೆ ಬೆಲ್ಟ್ ಕೊಳ್ಳಲು ಹೋಗಬೇಡಿ, ಮೊದಲು ಪುಲ್ಲಿ ಬದಲಿಸಿ. ಆಲ್ಟರ್ನೇಟರಿನ ಶಾಫ್ಟಿನ ವ್ಯಾಸ ಮತ್ತು ಅದರ ಮೇಲೆ ಪುಲ್ಲಿ ಜಾರದಂತೆ ಹಿಡಿಯುವ ಕೀಯ ಅಗಲ ಅಳೆದುಕೊಂಡು, ಅದಕ್ಕೆ ಕೂರುವ 13ರ ಪುಲ್ಲಿಯನ್ನು ಆಟೊ ಎಲೆಕ್ಟ್ರಿಕ್ ಅಂಗಡಿಯಲ್ಲಿ ಹುಡುಕಿಸಿ. ಸಿಗದಿದ್ದರೆ ಲೇತ್ ಕೆಲಸದವರು ಮಾಡಿಕೊಡುತ್ತಾರೆ. ಮಾಡಿಸುವಾಗ ಹೊರವ್ಯಾಸ ಈಗಿನ ಪುಲ್ಲಿಯಷ್ಟೇ ಇರಲಿ. ದೊಡ್ಡದಾದರೆ ಐಡ್ಲಿಂಗಿನಲ್ಲಿ ಚಾರ್ಜ್ ಬರುವುದಿಲ್ಲ, ತೀರಾ ಚಿಕ್ಕದಾದರೆ ಬೆಲ್ಟ್ ಬಗ್ಗಲಾರದೆ ಬಿರಿಯುತ್ತದೆ. ಇರುವ 10ರ ಪುಲ್ಲಿಯ ಗ್ರೂವನ್ನೇ ಅಗಲ ಮಾಡಿಸುವ ಯೋಚನೆ ಬೇಡ. ಪಕ್ಕದ ಗೋಡೆ ತೆಳ್ಳಗಾಗಿ, ಸಾವಿರಾರು ಸುತ್ತಿನ ವೇಗದಲ್ಲಿ ತುಂಡಾಗಿ ಹಾರಿದರೆ ರೇಡಿಯೇಟರಿಗೇ ಏಟು.

ಅಗಲ ಸರಿಯಿದೆಯೇ ಎಂಬುದಕ್ಕೆ ಕೊನೆಯ ಸಾಕ್ಷಿ ಕಣ್ಣು. ಹೊಸ ಬೆಲ್ಟನ್ನು ಗ್ರೂವಿನಲ್ಲಿ ಬೆರಳಿನಿಂದ ಒತ್ತಿ ಕೂರಿಸಿದಾಗ ಅದರ ಮೇಲ್ಮೈ ಪುಲ್ಲಿಯ ಅಂಚಿಗೆ ಸಮವಾಗಿರಬೇಕು, ಅಥವಾ ಒಂದು ಮಿಲಿಮೀಟರ್‌ನಷ್ಟು ಮೇಲಿರಬೇಕು. ತಳದಲ್ಲಿ ಸಂದು ಉಳಿದಿರಲೇಬೇಕು. ಅದೇ 13ರ ಅಗಲದಲ್ಲೇ ಬೆಲ್ಟುಗಳ ಎತ್ತರ ಒಂದೊಂದು ತಯಾರಿಕೆಯಲ್ಲಿ ಒಂದೊಂದು ತೆರನಾಗಿರುತ್ತದೆ, ಆದ್ದರಿಂದ ನಂಬರ್ ಒಂದನ್ನೇ ನಂಬಬೇಡಿ. ಪುಲ್ಲಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಹಿಂದಿನ ಬೆಲ್ಟ್ ಅಲ್ಲಿ ತಾಗಿತ್ತು ಎಂದೇ ಅರ್ಥ. ಪುಲ್ಲಿಯ ಒಳಗೋಡೆ ನೇರವಾಗಿರುವ ಬದಲು ಬಟ್ಟಲಿನಂತೆ ಒಳಕ್ಕೆ ತಗ್ಗಿದ್ದರೆ ಆ ಪುಲ್ಲಿಯ ಆಯಸ್ಸು ಮುಗಿದಿದೆ.

ಉದ್ದದ ಲೆಕ್ಕ

ಹಳೆಯ ಬೆಲ್ಟನ್ನು ಅಳೆದು ಹೊಸದನ್ನು ತರುವುದು ರೂಢಿ. ಆದರೆ ಹಳೆಯದು ಹಿಗ್ಗಿರುತ್ತದೆ. ನಿಮ್ಮ ವಿಷಯದಲ್ಲಿ ಅದು ಮೊದಲಿನಿಂದಲೇ ತಪ್ಪು ಬೆಲ್ಟ್ ಆಗಿರಬಹುದು. ದರ್ಜಿಗಳು ಇಟ್ಟುಕೊಳ್ಳುವ 150 ಸೆಂಮೀ ಬಟ್ಟೆಯ ಟೇಪು ಈ ಕೆಲಸಕ್ಕೆ ಬಹಳ ಒಳ್ಳೆಯದು. ಗ್ರೂವಿನ ಬಾಯಿಗಿಂತ ಅಗಲವಾದ ಟೇಪನ್ನೇ ಆರಿಸಿ, ಆಗ ಅದು ಒಳಗೆ ಇಳಿಯದೆ ಪುಲ್ಲಿಗಳ ಅಂಚಿನ ಮೇಲೆಯೇ ಕೂರುತ್ತದೆ. ಬೆಲ್ಟಿನ ಮೇಲ್ಮೈ ಇರಬೇಕಾದದ್ದೂ ಅದೇ ಮಟ್ಟದಲ್ಲಿ. ಹಾಗಾಗಿ ಟೇಪು ತೋರಿಸುವುದು ನೇರವಾಗಿ ಬೆಲ್ಟಿನ ಹೊರ ಉದ್ದ.

ಅಳೆಯುವಾಗ ಆಲ್ಟರ್ನೇಟರ್ ಎಲ್ಲಿರಬೇಕು ಎಂಬುದು ಮುಖ್ಯ. ಬಿಗಿ ಮಾಡುವ ಪಟ್ಟಿಯಲ್ಲಿ ಉದ್ದನೆಯ ಸೀಳು ಇದೆಯಲ್ಲ, ಅದರಲ್ಲಿ ಎಂಜಿನ್ ಕಡೆಯ ತುದಿಯಿಂದ ಮೂರನೇ ಒಂದು ಭಾಗದಷ್ಟು ಹೊರಗೆ ಬೋಲ್ಟ್ ನಿಲ್ಲುವಂತೆ ಇಟ್ಟು ಅಳೆಯಿರಿ. ಪೂರ್ತಿ ಒಳಗಿಟ್ಟು ಅಳೆದರೆ ಹೊಸ ಬೆಲ್ಟ್ ಏರಿಸಲು ಜಾಗವಿರುವುದಿಲ್ಲ, ಪೂರ್ತಿ ಹೊರಗಿಟ್ಟು ಅಳೆದರೆ ಬೆಲ್ಟ್ ಹಿಗ್ಗಿದ ಮೇಲೆ ಬಿಗಿ ಮಾಡಲು ಏನೂ ಉಳಿಯುವುದಿಲ್ಲ.

ಇನ್ನು ಅಂಗಡಿಯ ನಂಬರಿನ ಗೊಂದಲ. 13 ಮಿಮೀ ಅಗಲ, 8 ಮಿಮೀ ಎತ್ತರದ ಎ-ಸೆಕ್ಷನ್ ಬೆಲ್ಟುಗಳ ಮೇಲೆ ‘ಎ 36’ ಎಂಬಂತೆ ಬರೆದಿದ್ದರೆ ಅದು ಒಳ ಉದ್ದ, ಅದೂ ಇಂಚಿನಲ್ಲಿ. ಕಾರಿನ ಬೆಲ್ಟಿನ ಮೇಲೆ ‘13×965’ ಎಂಬಂತೆ ಇದ್ದರೆ ಮೊದಲನೆಯದು ಅಗಲ, ಎರಡನೆಯದು ಮಿಲಿಮೀಟರಿನಲ್ಲಿ ಉದ್ದ. ಪಕ್ಕದಲ್ಲಿ ಎಲ್‌ಎ ಎಂದಿದ್ದರೆ ಹೊರ ಉದ್ದ, ಎಲ್‌ಐ ಎಂದಿದ್ದರೆ ಒಳ ಉದ್ದ, ಎಲ್‌ಪಿ ಎಂದಿದ್ದರೆ ನೂಲಿನ ಸಾಲಿನಲ್ಲಿ ಅಳೆದ ಪಿಚ್ ಉದ್ದ. 13×8ರ ಎ-ಸೆಕ್ಷನ್ನಿನಲ್ಲಿ ಹೊರ ಉದ್ದದಿಂದ 50 ಮಿಮೀ ಕಳೆದರೆ ಒಳ ಉದ್ದ, 17 ಮಿಮೀ ಕಳೆದರೆ ಪಿಚ್ ಉದ್ದ. ಟೇಪಿನಲ್ಲಿ 965 ಬಂತು ಎಂದುಕೊಳ್ಳಿ: 965ರಿಂದ 50 ಕಳೆದರೆ 915, ಅದನ್ನು 25.4ರಿಂದ ಭಾಗಿಸಿದರೆ 36. ಅಂದರೆ ಎ 36. ಇದು ಲೆಕ್ಕ ತೋರಿಸಲು ಕೊಟ್ಟ ಉದಾಹರಣೆ ಅಷ್ಟೆ, ನಿಮ್ಮ ಕಾರಿನ ನಂಬರ್ ಎಂದು ಬರೆದುಕೊಳ್ಳಬೇಡಿ. 50 ಮಿಮೀ ವ್ಯತ್ಯಾಸ ಎಂದರೆ ಎರಡು ಇಂಚು. ಒಳ ಉದ್ದ ಹೊರ ಉದ್ದ ಅದಲುಬದಲಾದರೆ ಬೆಲ್ಟ್ ಒಂದೋ ಏರುವುದೇ ಇಲ್ಲ, ಇಲ್ಲವೇ ಜೋತು ಬೀಳುತ್ತದೆ. ಹರಿದ ಬೆಲ್ಟನ್ನು ನೆಲದ ಮೇಲೆ ನೇರ ಹಾಸಿ ಅಳೆಯುವವರು ಇನ್ನೊಂದು ತಪ್ಪು ಮಾಡುತ್ತಾರೆ. ನೇರ ಮಾಡಿದಾಗ ಸಿಗುವುದು ಪಿಚ್ ಉದ್ದ, ಹೊರ ಉದ್ದವಲ್ಲ.

ನಿಖರ ಉದ್ದ ಸಿಗದಿದ್ದರೆ ಐದಾರು ಮಿಲಿಮೀಟರ್ ಆಚೀಚೆ ನಡೆಯುತ್ತದೆ, ಸೀಳು ಇರುವುದೇ ಅದಕ್ಕೆ. ಅಗಲದಲ್ಲಿ ಮಾತ್ರ ರಾಜಿ ಬೇಡ.

ಹಿಟ್ಟಿನ ಗಿರಣಿಗೂ ಪಂಪ್‌ಸೆಟ್ಟಿಗೂ ಹಾಕುವ ಎ-ಸೆಕ್ಷನ್ ಬೆಲ್ಟ್ ಅದೇ ಅಳತೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಹಾಕಿದರೆ ಕೂರುತ್ತದೆ ಕೂಡ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಹಾಕಿಕೊಂಡು ಮನೆ ಸೇರಿ. ಅದನ್ನೇ ಖಾಯಂ ಮಾಡಿಕೊಳ್ಳಬೇಡಿ, ಬಾನೆಟ್ಟಿನೊಳಗಿನ ಬಿಸಿಗೂ ಆಯಿಲಿನ ಆವಿಗೂ ಚಿಕ್ಕ ಪುಲ್ಲಿಯ ಮೇಲೆ ಅಷ್ಟು ವೇಗವಾಗಿ ಬಗ್ಗುವುದಕ್ಕೂ ತಯಾರಾದದ್ದು ಆಟೊಮೊಬೈಲ್ ಬೆಲ್ಟ್. ಅದರಲ್ಲೂ ಎರಡು ಬಗೆ ಇವೆ. ಸುತ್ತಲೂ ಬಟ್ಟೆ ಸುತ್ತಿದ್ದು ಒಂದು, ಪಕ್ಕ ಕತ್ತರಿಸಿ ಒಳಗೆ ಹಲ್ಲು ಬಿಟ್ಟದ್ದು ಇನ್ನೊಂದು. ಹಳೆಯ ಕಾರಿಗೆ ಹಳೆಯ ರೂಪವೇ ಇರಲಿ ಎನ್ನುವವರು ಬಟ್ಟೆಯದನ್ನು ಹಾಕುತ್ತಾರೆ. ಡೈನಮೊ ಇರುವ ಗಾಡಿಗೆ ಅದು ಸಾಕು. ನಿಮ್ಮದು ಆಲ್ಟರ್ನೇಟರ್, ಹಾಗಾಗಿ ಹಲ್ಲಿನದೇ ಒಳ್ಳೆಯದು. ಸುಲಭವಾಗಿ ಬಗ್ಗುತ್ತದೆ, ಕಡಿಮೆ ಬಿಸಿಯಾಗುತ್ತದೆ, ಹಿಡಿತ ಹೆಚ್ಚು. ಅದಕ್ಕೆ ಒಂದೇ ಒಂದು ಷರತ್ತು, ಪುಲ್ಲಿಯಲ್ಲಿ ತುಕ್ಕು ಇರಬಾರದು. ಬಟ್ಟೆಯ ಹೊದಿಕೆ ಇಲ್ಲದ ರಬ್ಬರನ್ನು ತುಕ್ಕು ಉಪ್ಪುಕಾಗದದಂತೆ ತಿನ್ನುತ್ತದೆ.

ಕೊಳ್ಳುವಾಗ ಬೆಲ್ಟನ್ನು ಒಳಗೆ ಮೇಲಾಗುವಂತೆ ನಿಧಾನ ಬಗ್ಗಿಸಿ ನೋಡಿ. ಕೂದಲೆಳೆಯ ಬಿರುಕು ಕಂಡರೆ ವಾಪಸ್ ಕೊಡಿ. ಹಳೆಯ ಕಾರಿನ ಬೆಲ್ಟ್ ಎಂದರೆ ಅಂಗಡಿಯ ಅಟ್ಟದಲ್ಲಿ ಹತ್ತು ವರ್ಷ ಮೊಳೆಗೆ ನೇತುಬಿದ್ದದ್ದನ್ನು ಇಳಿಸಿಕೊಡುವುದು ಸಾಮಾನ್ಯ. ತಯಾರಿಕೆಯ ತಿಂಗಳು ವರ್ಷ ಅಚ್ಚಾಗಿದ್ದರೆ ಐದು ವರ್ಷಕ್ಕಿಂತ ಹಳೆಯದು ಬೇಡ.

ಹಾಕುವ ಕೆಲಸ

ಎಂಜಿನ್ ಪೂರ್ತಿ ತಣ್ಣಗಿರಲಿ. ಹ್ಯಾಂಡ್‌ಬ್ರೇಕ್ ಎಳೆದು ಗೇರ್ ನ್ಯೂಟ್ರಲ್ ಮಾಡಿ. ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ತ್ ತಂತಿಯನ್ನು ಮೊದಲು ಬಿಚ್ಚಿ, ನಿಮ್ಮ ಕಾರಿನಲ್ಲಿ ಅದು ಪ್ಲಸ್ ಆಗಿರಲಿ ಮೈನಸ್ ಆಗಿರಲಿ. ಆಲ್ಟರ್ನೇಟರಿನ ದಪ್ಪ ತಂತಿ ಸ್ವಿಚ್ ಆಫ್ ಮಾಡಿದರೂ ನೇರ ಬ್ಯಾಟರಿಗೇ ಸೇರಿರುತ್ತದೆ. ಸ್ಪ್ಯಾನರ್ ಅಲ್ಲಿಂದ ಬಾಡಿಗೆ ತಾಗಿದರೆ ಕಿಡಿ, ಕೈ ಸುಡುವುದು, ಡಯೋಡ್ ಹೋಗುವುದು ಮೂರೂ ಆದೀತು.

ಈ ಎಂಜಿನ್‌ನ ಬೋಲ್ಟುಗಳು ಇಂಚಿನ ಅಳತೆಯವು. ಡೈನಮೊ ಅಥವಾ ಆಲ್ಟರ್ನೇಟರನ್ನು ಹಿಡಿದಿರುವ 5/16 ಇಂಚಿನ ಬೋಲ್ಟುಗಳಿಗೆ ಅರ್ಧ ಇಂಚಿನ ಸ್ಪ್ಯಾನರ್ ಬೇಕು. 13ರ ಸ್ಪ್ಯಾನರ್ ಹೆಚ್ಚುಕಡಿಮೆ ಕೂರುತ್ತದೆ, ಆದರೆ 0.3 ಮಿಲಿಮೀಟರ್ ಸಡಿಲ ಇರುವುದರಿಂದ ಕಚ್ಚಿಕೊಂಡ ಬೋಲ್ಟಿನ ಮೂಲೆ ಉರುಟಾಗುತ್ತದೆ. ಆಲ್ಟರ್ನೇಟರ್ ಹಾಕಿದವರು ಮಿಲಿಮೀಟರ್ ಬೋಲ್ಟ್ ಬಳಸಿರಬಹುದು, ನೋಡಿಕೊಂಡು ಕೈ ಹಾಕಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಟ್ಟರೆ ಬೆಳಿಗ್ಗೆ ಜಗಳ ಕಡಿಮೆ.

ಸಡಿಲಿಸಬೇಕಾದದ್ದು ನಾಲ್ಕು ಕಡೆ: ಆಲ್ಟರ್ನೇಟರ್ ತಿರುಗಿ ಆಡುವ ಎರಡು ಬೋಲ್ಟುಗಳು, ಸೀಳುಪಟ್ಟಿಯ ಬೋಲ್ಟ್, ಅದೇ ಪಟ್ಟಿ ಎಂಜಿನ್ನಿಗೆ ಸೇರುವ ತುದಿಯ ನಟ್ಟು. ಈ ನಾಲ್ಕನೆಯದನ್ನು ಮರೆಯುವವರೇ ಹೆಚ್ಚು. ಅದು ಬಿಗಿಯಾಗಿದ್ದರೆ ಪಟ್ಟಿ ತಿರುಗದೆ ಬಗ್ಗುತ್ತದೆ, ಮುಂದೆ ಬಿಗಿ ನಿಲ್ಲುವುದಿಲ್ಲ. ಸಡಿಲಿಸಿ ಸಾಕು, ಕಳಚಬೇಕಿಲ್ಲ. ಈಗ ಆಲ್ಟರ್ನೇಟರನ್ನು ಎಂಜಿನ್ ಕಡೆಗೆ ಪೂರ್ತಿ ತಳ್ಳಿ, ಬೆಲ್ಟನ್ನು ಮೊದಲು ಅದರ ಪುಲ್ಲಿಯಿಂದ, ಆಮೇಲೆ ಪಂಪ್ ಮತ್ತು ಕ್ರ್ಯಾಂಕ್ ಪುಲ್ಲಿಯಿಂದ ಬಿಡಿಸಿ. ಫ್ಯಾನಿನ ಒಂದೊಂದೇ ರೆಕ್ಕೆಯನ್ನು ದಾಟಿಸಿ, ರೇಡಿಯೇಟರ್ ಮತ್ತು ಫ್ಯಾನಿನ ನಡುವಿನ ಸಂದಿನಿಂದ ಹೊರತೆಗೆಯಿರಿ. ಆ ಸಂದಿಗೆ ಒಂದು ರಟ್ಟಿನ ಹಾಳೆ ಇಳಿಬಿಟ್ಟರೆ ಕೈಯ ಗೆಣ್ಣೂ ರೇಡಿಯೇಟರಿನ ತಗಡೂ ಉಳಿಯುತ್ತವೆ.

ಬೆಲ್ಟ್ ಹೊರಗಿರುವ ಈ ಹತ್ತು ನಿಮಿಷ ಬೆಲೆಯುಳ್ಳದ್ದು. ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಗರಗರ ಎಂದರೆ, ಅಥವಾ ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಕಟಕಟ ಎಂದರೆ ವಾಟರ್ ಪಂಪಿನ ಬೇರಿಂಗ್ ಹೋಗಿದೆ. ಪಂಪಿನ ಕೆಳಗೆ ಸಣ್ಣ ತೂತಿನಿಂದ ನೀರು ಇಳಿದ ತುಕ್ಕಿನ ಗೆರೆ ಇದ್ದರೆ ಸೀಲೂ ಹೋಗಿದೆ. ಹೊಸ ಬೆಲ್ಟಿನ ಎಳೆತಕ್ಕೆ ಅದು ಬಹಳ ದಿನ ತಡೆಯುವುದಿಲ್ಲ. ಕ್ರ್ಯಾಂಕ್ ಪುಲ್ಲಿಯ ಸುತ್ತ ಎಣ್ಣೆ ಹಸಿ ಇದ್ದರೆ ಟೈಮಿಂಗ್ ಕವರಿನ ಸೀಲ್ ಸೋರುತ್ತಿದೆ. ತಿರುಗುವ ಪುಲ್ಲಿ ಆ ಎಣ್ಣೆಯನ್ನು ಬೆಲ್ಟಿಗೇ ಎರಚುತ್ತದೆ. ಇದನ್ನು ಬಿಟ್ಟು ಬೆಲ್ಟ್ ಮಾತ್ರ ಬದಲಿಸಿದರೆ ನಾಲ್ಕನೆಯದೂ ಅದೇ ದಾರಿ ಹಿಡಿಯುತ್ತದೆ. ಪುಲ್ಲಿಗಳ ಗ್ರೂವಿನ ತುಕ್ಕನ್ನು ನಯವಾದ ಎಮರಿ ಕಾಗದದಿಂದ ತಿಕ್ಕಿ, ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಪೇಂಟ್ ಹೊಡೆಯಬೇಡಿ. ಇನ್ನೂ ಡೈನಮೊ ಇರುವ ಗಾಡಿಯವರು ಅದರ ಹಿಂಬದಿಯ ಬುಷ್‌ನ ತೂತಿಗೆ ಎರಡೇ ಹನಿ ಎಂಜಿನ್ ಆಯಿಲ್ ಬಿಡಿ. ಹೆಚ್ಚಾದರೆ ಕಮ್ಯುಟೇಟರಿಗೆ ಹರಿಯುತ್ತದೆ.

ಪುಲ್ಲಿಗಳ ಸಾಲು ನೋಡುವುದೂ ಈಗಲೇ. ಬೇರೆ ಕಾರಿನ ಆಲ್ಟರ್ನೇಟರ್ ಅಂದಮೇಲೆ ಈ ಪರೀಕ್ಷೆ ಬಿಡುವಂತಿಲ್ಲ. ಉದ್ದನೆಯ ಸ್ಟೀಲ್ ಸ್ಕೇಲನ್ನು ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಒತ್ತಿ ಹಿಡಿದು ಆಲ್ಟರ್ನೇಟರ್ ಪುಲ್ಲಿಯವರೆಗೆ ಚಾಚಿ. ಅಂಚಿನ ದಪ್ಪ ಒಂದೊಂದು ಪುಲ್ಲಿಯದು ಒಂದೊಂದು ಬಗೆ, ಆದ್ದರಿಂದ ಸ್ಕೇಲಿನಿಂದ ಗ್ರೂವಿನ ನಡುವಿಗೆ ಎಷ್ಟು ದೂರ ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆಲ್ಟರ್ನೇಟರಿನ ಕಿವಿಗೂ (ಬೋಲ್ಟ್ ತೂರುವ ಚಾಚಿಗೂ) ಬ್ರ್ಯಾಕೆಟಿಗೂ ನಡುವೆ ವಾಷರ್ ಕೊಟ್ಟು ಸರಿಪಡಿಸಿ. ವಾಷರ್ ಯಾವ ಕಡೆ ಬೇಕೋ ಆ ಕಡೆ ತುಂಬಿ. ಕಿವಿಯ ಸಂದು ಖಾಲಿ ಬಿಟ್ಟು ಬೋಲ್ಟ್ ಬಿಗಿದರೆ ಅಲ್ಯೂಮಿನಿಯಂ ಕಿವಿ ಮುರಿಯುತ್ತದೆ.

ಹೊಸ ಬೆಲ್ಟನ್ನು ರೆಕ್ಕೆಗಳ ಮೇಲಿಂದ ಒಂದೊಂದಾಗಿ ದಾಟಿಸಿ ಒಳಗೆ ಬಿಡಿ. ಪಂಪ್ ಪುಲ್ಲಿಯಲ್ಲಿ ಕೂರಿಸಿ, ಕ್ರ್ಯಾಂಕ್ ಪುಲ್ಲಿಗೆ ಹಾಕಿ, ಕೊನೆಗೆ ಆಲ್ಟರ್ನೇಟರ್ ಪುಲ್ಲಿಗೆ ಬೆರಳಿನಿಂದಲೇ ಏರಿಸಿ. ಬೆರಳಿಗೆ ಏರದಿದ್ದರೆ ಆಲ್ಟರ್ನೇಟರ್ ಪೂರ್ತಿ ಒಳಗೆ ಬಂದಿಲ್ಲ, ಅಥವಾ ಬೆಲ್ಟ್ ಗಿಡ್ಡ. ಸ್ಕ್ರೂಡ್ರೈವರ್ ಎಬ್ಬುವುದು, ಅರ್ಧ ಏರಿಸಿ ಸ್ಟಾರ್ಟರ್ ಹೊಡೆದು ‘ತಾನೇ ಕೂರಲಿ’ ಎನ್ನುವುದು ಎರಡೂ ಬೆಲ್ಟಿನ ಒಳನೂಲನ್ನು ಕಡಿಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ಒಂದೆರಡು ಸಾವಿರ ಕಿಲೋಮೀಟರ್ ಆದ ಮೇಲೆ ನಡುದಾರಿಯಲ್ಲಿ ಹರಿಯುತ್ತದೆ.

ಬಿಗಿ ಎಷ್ಟು? ಮೂರು ಪುಲ್ಲಿಗಳ ನಡುವೆ ಬೆಲ್ಟ್ ಅತಿ ಉದ್ದವಾಗಿ ಚಾಚಿರುವ ಕಡೆ, ಅದರ ನಡುಮಧ್ಯೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು, ಅಂದರೆ 13 ಮಿಮೀ ಆಡಬೇಕು. ಇದೇ ಬಿ-ಸೀರೀಸ್ ಎಂಜಿನ್ ಇರುವ ಬ್ರಿಟನ್ನಿನ ಎಂಜಿ ಕಾರುಗಳಿಗೂ ಬಿಎಂಸಿಯವರು ಹೇಳಿದ ಅಳತೆ ಇದೇ. ಆಲ್ಟರ್ನೇಟರನ್ನು ಹೊರಕ್ಕೆ ಎಳೆದು ಹಿಡಿಯಲು ಒಂದು ಮರದ ರೀಪು ಸಾಕು, ಕಬ್ಬಿಣದ ಸಲಾಕೆ ಬೇಡ. ಮೀಟುವಾಗ ರೀಪು ಪುಲ್ಲಿ ಕಡೆಯ ಮುಂದಿನ ಬ್ರ್ಯಾಕೆಟಿಗೆ ತಾಗಿರಲಿ. ನಡುವಿನ ಡಬ್ಬಕ್ಕೋ ಹಿಂದಿನ ಮುಚ್ಚಳಕ್ಕೋ ಒತ್ತಡ ಕೊಟ್ಟರೆ ಅಲ್ಲೇ ಬಿರುಕು. ಮೊದಲು ಸೀಳುಪಟ್ಟಿಯ ಬೋಲ್ಟ್ ಬಿಗಿದು ಹಿಡಿತ ನೋಡಿ, ಆಮೇಲೆ ಪಟ್ಟಿಯ ಇನ್ನೊಂದು ತುದಿ, ಕೊನೆಗೆ ತಿರುಗು ಬೋಲ್ಟುಗಳು. ಎಲ್ಲ ಬಿಗಿದ ಮೇಲೆ ಮತ್ತೊಮ್ಮೆ ಹೆಬ್ಬೆರಳಿಟ್ಟು ನೋಡಿ, ಬಿಗಿಯುವಾಗ ಸ್ವಲ್ಪ ಹಿಂದೆ ಸರಿದಿರುತ್ತದೆ. ಎಂಜಿನ್ ನಿಂತಿರುವಾಗ ಆಲ್ಟರ್ನೇಟರಿನ ಫ್ಯಾನನ್ನು ಬೆರಳಿನಿಂದ ಜೋರಾಗಿ ತಳ್ಳಿದರೆ ಪುಲ್ಲಿ ಬೆಲ್ಟಿನೊಳಗೆ ಜಾರಬಾರದು.

ಕೀರಲು ನಿಲ್ಲಿಸುವ ಆತುರದಲ್ಲಿ ವೀಣೆಯ ತಂತಿಯಂತೆ ಬಿಗಿಯುವವರಿದ್ದಾರೆ. ಬೆಲ್ಟ್ ಸುಮ್ಮನಾಗುತ್ತದೆ, ಬದಲಿಗೆ ವಾಟರ್ ಪಂಪ್ ಮಾತಾಡಲು ಶುರುಮಾಡುತ್ತದೆ. ಬೆಲ್ಟಿಗಿಂತ ಪಂಪ್ ಎಷ್ಟೋ ಪಟ್ಟು ದುಬಾರಿ. ಬಟ್ಟೆ ಸೋಪು ಉಜ್ಜುವುದು, ಮೇಣ ಹಚ್ಚುವುದು, ರಾಳದ ಪುಡಿ ಎರಚುವುದು ಇವು ಯಾವುದೂ ಬೇಡ. ಎರಡು ದಿನ ಶಬ್ದ ಅಡಗಿ, ಮೂರನೆಯ ದಿನ ಪಕ್ಕ ಮತ್ತಷ್ಟು ಗಾಜಾಗುತ್ತದೆ. ಮಳೆಗಾಲದ ಬೆಳಿಗ್ಗೆ ನೀರು ಸಿಡಿದು ಒಂದೆರಡು ನಿಮಿಷ ಕೀರಿ ಸುಮ್ಮನಾದರೆ ಅದು ಮಲೆನಾಡಿನ ಸಹಜ ಧರ್ಮ, ಚಿಂತೆ ಬೇಡ.

ಅರ್ತ್ ತಂತಿ ಸೇರಿಸಿ. ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಎರಡು ಸುತ್ತು ಕೈಯಲ್ಲೇ ತಿರುಗಿಸಿ, ಬೆಲ್ಟ್ ಮೂರೂ ಗ್ರೂವಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿಕೊಳ್ಳಿ. ಸ್ಪ್ಯಾನರ್, ರಟ್ಟು, ಬಟ್ಟೆ ಎಲ್ಲ ಹೊರಬಂದವೇ ಎಂದು ಎಣಿಸಿ, ಹ್ಯಾಂಡಲ್ ತೆಗೆದ ಮೇಲೆ ಸ್ಟಾರ್ಟ್ ಮಾಡಿ. ಹದಿನೈದು ನಿಮಿಷ ಓಡಿಸಿ, ಹೆಡ್‌ಲೈಟ್ ಹಾಕಿ ಕಿವಿಗೊಡಿ. ನಿಲ್ಲಿಸಿ, ತಣ್ಣಗಾದ ಮೇಲೆ ಬಿಗಿ ನೋಡಿ. ಹೊಸ ಬೆಲ್ಟ್ ಗ್ರೂವಿಗೆ ಕೂರುತ್ತಾ ಹಿಗ್ಗುತ್ತದೆ, ಆದ್ದರಿಂದ 200 ಕಿಲೋಮೀಟರಿಗೆ ಇನ್ನೊಮ್ಮೆ ಬಿಗಿ ನೋಡಲೇಬೇಕು. ಮೊದಲ ಘಟ್ಟದ ಪ್ರಯಾಣ ಅದಾದ ಮೇಲೆ ಇರಲಿ. ನಂತರ ಆಯಿಲ್ ಬದಲಿಸುವಾಗಲೆಲ್ಲ ಒಮ್ಮೆ ಹೆಬ್ಬೆರಳು ಇಟ್ಟರೆ ಸಾಕು.

ದಾರಿಯಲ್ಲಿ ಬೆಲ್ಟ್ ಹರಿದರೆ ಗೊತ್ತಾಗುವುದು ಹೀಗೆ: ಓಡುತ್ತಿರುವಾಗಲೇ ಕೆಂಪು ಇಗ್ನಿಷನ್ ದೀಪ ಹೊತ್ತಿಕೊಳ್ಳುತ್ತದೆ, ಎಂಜಿನ್ ಮಾತ್ರ ಏನೂ ಆಗದಂತೆ ಓಡುತ್ತಿರುತ್ತದೆ. ಬ್ಯಾಟರಿಯ ಬಲದಲ್ಲಿ ಇನ್ನೂ ಬಹಳ ದೂರ ಹೋಗಬಹುದು ಎನಿಸುತ್ತದೆ. ಹೋಗಬಹುದು ನಿಜ, ಆದರೆ ವಾಟರ್ ಪಂಪ್ ನಿಂತಿದೆ, ಕೆಲವೇ ನಿಮಿಷದಲ್ಲಿ ನೀರು ಕುದಿದು ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ದೀಪ ಕಂಡ ಕೂಡಲೇ ಪಕ್ಕಕ್ಕೆ ನಿಲ್ಲಿಸಿ. ಬೇರೆ ಬೆಲ್ಟ್ ಇಲ್ಲದಿದ್ದರೆ, ಆಲ್ಟರ್ನೇಟರನ್ನು ಬಿಟ್ಟು ಕ್ರ್ಯಾಂಕ್ ಮತ್ತು ಪಂಪ್ ಪುಲ್ಲಿಗೆ ಮಾತ್ರ ನೈಲಾನ್ ಹಗ್ಗ ಬಿಗಿದು, ಗಂಟು ಚಿಕ್ಕದಿರುವಂತೆ ಕಟ್ಟಿ, ದೀಪ ಹಾಕದೆ ನಿಧಾನವಾಗಿ ಹತ್ತಿರದ ಊರು ಸೇರಬಹುದು. ಗಂಟು ಗ್ರೂವಿನಲ್ಲಿ ಸಿಕ್ಕಿ ಬಿಚ್ಚುತ್ತಿರುತ್ತದೆ, ಎರಡು ಮೂರು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ನೋಡಬೇಕು.

ಅಷ್ಟು ಪಾಡು ಪಡುವ ಬದಲು ಅಳತೆ ಸರಿಹೊಂದಿದ ಬೆಲ್ಟನ್ನು ಇನ್ನೊಂದು ಕೊಂಡು ಡಿಕ್ಕಿಯಲ್ಲಿಡಿ. ಮಡಚಿ ದಾರ ಕಟ್ಟಬೇಡಿ, ತನ್ನ ಸಹಜ ಸುತ್ತಿನಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಪೆಟ್ರೋಲ್ ಕ್ಯಾನಿನಿಂದ ದೂರವಿಡಿ. ಜೊತೆಗೆ ಅರ್ಧ ಇಂಚಿನ ಎರಡು ಸ್ಪ್ಯಾನರ್ ಮತ್ತು ಆ ಮರದ ರೀಪು. ಬೆಲ್ಟಿನ ಅಗಲ, ಉದ್ದ, ಹಾಕಿದ ತಾರೀಖು ಮೂರನ್ನೂ ಬಾನೆಟ್ಟಿನ ಒಳಮೈಗೆ ಪೇಂಟಿನಿಂದ ಬರೆದಿಡಿ, ಮುಂದಿನ ಸಲ ಅಂಗಡಿಯಲ್ಲಿ ಓದಿ ಹೇಳಲು.